ಅಮಾವಾಸ್ಯೆಯ ಗಾರೆ

ಸುಣ್ಣದ ಕಲ್ಲು ನೀರಿಗೆ ಬಿದ್ದಾಗ ಏಳುವ ವಾಸನೆ ಮೂಗಿನ ಒಳಗನ್ನು ಕೆರೆದು ಹೋಗುತ್ತದೆ. ಅದಕ್ಕೆ ಇಟ್ಟಿಗೆ ಪುಡಿಯ ಮಣ್ಣುವಾಸನೆ, ಅಳಲೆಕಾಯಿ ನೆನೆಸಿದ ನೀರಿನ ಒಗರು, ಕರಗಿ ಹುದುಗಿದ ಬೆಲ್ಲದ ಹುಳಿ ಸೇರಿದರೆ ಗಾರೆ. ಈಗೆಲ್ಲ ಸಿಮೆಂಟು ಬಂದಿದೆ. ಅದಕ್ಕೆ ವಾಸನೆಯೇ ಇಲ್ಲ. ಹೋದ ವಾರ ಉತ್ತಮಪಾಳಯದಲ್ಲಿ ಹಳೆಯ ಛತ್ರವೊಂದರ ಗೋಡೆ ದುರಸ್ತಿ ಮಾಡುತ್ತಿದ್ದರು. ಯಾರೋ ಮುದುಕ ಮೇಸ್ತ್ರಿ, ಹಳೇ ಗೋಡೆಗೆ ಹಳೇ ಗಾರೆಯೇ ಆಗಬೇಕು ಎಂದು ಹಟ ಹಿಡಿದಿದ್ದನಂತೆ. ದಾರಿಯಲ್ಲಿ ಹೋಗುತ್ತಿದ್ದ ನಾನು ಆ ವಾಸನೆಗೆ ನಿಂತುಬಿಟ್ಟೆ. ಅರವತ್ತು ದಾಟಿದ ಹೆಂಗಸು ಬಿಸಿಲಲ್ಲಿ ಹಾಗೆ ನಿಂತದ್ದು ಕಂಡು ಕೂಲಿಯವಳೊಬ್ಬಳು ಕುಡಿಯಲು ನೀರು ತಂದುಕೊಟ್ಟಳು.

ನಮ್ಮ ಮನೆ ಕಂಬಂ ಕಣಿವೆಯಲ್ಲಿ, ಹಳ್ಳದ ದಂಡೆಯ ಮೇಲಿತ್ತು. ನಮ್ಮವರು ಎಂದೋ ಕನ್ನಡ ನಾಡಿನಿಂದ ದನ ಹೊಡೆದುಕೊಂಡು ಬಂದು ಅಲ್ಲಿ ನೆಲೆಸಿದವರು. ಹೊಲದ ಜೊತೆಗೆ ನಮಗೊಂದು ಗಾರೆ ಗಾಣವೂ ಇತ್ತು. ಅಂಗಳದಲ್ಲಿ ಕಲ್ಲು ಹಾಸಿದ ದುಂಡನೆಯ ಕಾಲುವೆ, ಅದರೊಳಗೆ ಉರುಳುವ ಆಳೆತ್ತರದ ಕಲ್ಲಿನ ಗಾಲಿ, ಗಾಲಿಗೆ ತೊಲೆ, ತೊಲೆಗೆ ನೊಗ, ನೊಗಕ್ಕೆ ಎರಡು ಎತ್ತು. ಎತ್ತು ಸುತ್ತುತ್ತಿದ್ದರೆ ಗಾಲಿಯಡಿ ಸುಣ್ಣವೂ ಇಟ್ಟಿಗೆ ಪುಡಿಯೂ ಬೆಣ್ಣೆಯಾಗುತ್ತಿದ್ದವು. ಒಂದು ಹದಕ್ಕೆ, ಅಂದರೆ ಒಂದು ಸಲಕ್ಕೆ ಅರೆಯುವ ಗಾರೆಗೆ, ಇನ್ನೂರು ಸುತ್ತು. ಜಗಲಿಯ ಮೇಲೆ ಕೂತ ಅಜ್ಜಿ ಹತ್ತು ಸುತ್ತಿಗೊಂದು ಹುಣಸೆ ಬೀಜವನ್ನು ಬಲದ ಕುಡಿಕೆಯಿಂದ ಎಡದ ಕುಡಿಕೆಗೆ ಹಾಕುತ್ತಿದ್ದಳು. ಇಪ್ಪತ್ತು ಬೀಜ ಮುಗಿಯದೆ ಒಂದು ಬುಟ್ಟಿ ಗಾರೆಯೂ ಅಂಗಳ ದಾಟುತ್ತಿರಲಿಲ್ಲ. ಅವ್ವ ನಾನು ಎಳೆಗೂಸಾಗಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅಜ್ಜಿ, ಅಪ್ಪ, ಅಪ್ಪನ ತಮ್ಮ ಚೆನ್ನಪ್ಪ ಚಿಕ್ಕಪ್ಪ ಮತ್ತು ನಾನು. ಅಪ್ಪ ಗಾರೆ ಅರೆಯುವವನು, ಚಿಕ್ಕಪ್ಪ ಅದರಿಂದ ಕಲ್ಲು ಕಟ್ಟುವವನು. ಅಣ್ಣನ ಗಾರೆ, ತಮ್ಮನ ಕಲ್ಲು ಎಂದು ಊರಲ್ಲಿ ಹೇಳುವುದಿತ್ತು.

ಮಲೆಯ ಮೇಲೆ ದೊಡ್ಡ ಅಣೆಕಟ್ಟೆ ಏಳುತ್ತಿದ್ದ ವರ್ಷಗಳವು. ಸುಣ್ಣ ಹೊತ್ತ ಗಾಡಿಗಳು ಹಗಲೆಲ್ಲ ನಮ್ಮ ಊರ ಮುಂದೆ ಹೋಗುತ್ತಿದ್ದವು. ಅವುಗಳಿಗಾಗಿ ನಮ್ಮ ಹಳ್ಳಕ್ಕೊಂದು ಸೇತುವೆ ಕಟ್ಟಲು ಗುತ್ತಿಗೆದಾರನೊಬ್ಬ ಬಂದ. ಅವನ ಜೊತೆ ಕಬ್ಬಿಣದ ಹೊಗೆ ಯಂತ್ರವೂ ಬಂತು. ಸೌದೆ ಹಾಕಿದರೆ ಅದು ಕಬ್ಬಿಣದ ತಟ್ಟೆಯಲ್ಲಿ ತಾನೇ ಗಾರೆ ಅರೆಯುತ್ತಿತ್ತು. ಅಪ್ಪ ಒಂದು ಹಗಲಿಗೆ ಕೊಡುತ್ತಿದ್ದುದನ್ನು ಉಣ್ಣುವ ಹೊತ್ತಿನೊಳಗೆ ಕೊಡುತ್ತಿತ್ತು. ಚಿಕ್ಕಪ್ಪ ಅದರ ಪಕ್ಷ ಸೇರಿದ. ಒಂದು ದಿನ ಉಣ್ಣುವಾಗ ನಗುತ್ತಲೇ ಹೇಳಿದ: “ಅಣ್ಣಾ, ಎತ್ತು ಹುಲ್ಲು ತಿಂದು ಸಗಣಿ ಹಾಕ್ತದೆ. ಅದು ಸೌದೆ ತಿಂದು ಗಾರೆ ಹಾಕ್ತದೆ.”

“ಸಗಣೀಲಿ ನೆಲ ಸಾರಿಸಬೌದು,” ಎಂದ ಅಪ್ಪ. “ಹೊಗೇಲಿ ಏನ್ ಸಾರಿಸ್ತೀಯಾ? ನಿನ್ ಮೂತೀನಾ?”

ಅಲ್ಲಿಗೆ ನಗು ನಿಂತಿತು. ಚಿಕ್ಕಪ್ಪ ತಟ್ಟೆ ಬಿಟ್ಟು ಎದ್ದುಹೋದ. ಆಮೇಲೆ ಸೇತುವೆಯ ಹತ್ತಿರ ಆಳುಗಳ ಗುಡಿಸಲಲ್ಲೇ ಮಲಗತೊಡಗಿದ. ಅಣ್ಣತಮ್ಮಂದಿರ ನಡುವೆ ಮಾತು ನಿಂತು ನಾಲ್ಕು ತಿಂಗಳಾಯಿತು. ಅಜ್ಜಿ ಅವನಿಗೆ ದಿನವೂ ಕೂಳು ಕಳಿಸುತ್ತಿದ್ದಳು. ಪಾತ್ರೆ ತೊಳೆದು ವಾಪಸು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಕಾರ್ತಿಕದ ಮಳೆ ಹಿಡಿದು ಮೂರನೆಯ ದಿನ, ಬೆಳಿಗ್ಗೆ, ಸೇತುವೆಯ ಮೇಸ್ತ್ರಿ ನೆನೆದುಕೊಂಡು ನಮ್ಮ ಅಂಗಳಕ್ಕೆ ಬಂದ. ದಿಂಡಿಗಲ್ ಕಡೆಯ ತಮಿಳಿನವನು. ನಮ್ಮವರೊಡನೆ ಇದ್ದೂ ಇದ್ದೂ ಅರ್ಧ ಕನ್ನಡ ಕಲಿತಿದ್ದ. ಎತ್ತುಗಳಿಗೆ ಇನ್ನು ಸನ್ಯಾಸ ಕೊಡಿಸಿ ಎಂದು ಹಿಂದೆ ಅಪ್ಪನನ್ನು ಹಂಗಿಸಿದವನೇ.

“ಗೌಂಡರೇ, ಯಂತ್ರದ ಒಳಗಿನ ಕೊಳವೆ ಸೀಳಿಬಿಟ್ಟಿದೆ. ಬೇರೆ ಕೊಳವೆ ದಿಂಡಿಗಲ್‌ನಿಂದ ಬರಬೇಕು, ಎರಡು ದಿನ. ಹಳ್ಳ ಏರ್ತಾ ಇದೆ. ನಡುಗಂಬದ ಗುಂಡಿ ಸುತ್ತ ಮಣ್ಣಿನ ಒಡ್ಡು, ಸಾಯಂಕಾಲದ ಮೇಲೆ ನಿಲ್ಲೋದಿಲ್ಲ. ಅಷ್ಟರಲ್ಲಿ ಇನ್ನು ಮೂರು ವರಸೆ ಕಲ್ಲು ಏರಿಸಿದ್ರೆ ಕಂಬ ಉಳೀತದೆ. ಗಾರೆ ಬೇಕು.”

“ಗುಂಡೀಲಿ ಯಾರವ್ರೆ?” ಎಂದು ಕೇಳಿದವಳು ಅಜ್ಜಿ.

“ನಿಮ್ಮ ಚೆನ್ನಪ್ಪ, ಅವನ ಆಳುಗಳು. ಮೇಲೆ ಬಾ ಅಂದೆ. ನಾನಿಟ್ಟ ಕಲ್ಲು ಬಿಟ್ಟು ಬರಾಕಿಲ್ಲ ಅಂತಾನೆ.”

ಅಂದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮವರು ಎತ್ತಿನ ಕತ್ತಿಗೆ ನೊಗ ಇಡುವುದಿಲ್ಲ. ದನ ನಮ್ಮ ಕುಲದ ದೇವರ ಸ್ವತ್ತು. ತಿಂಗಳಿಗೊಂದು ದಿನ ಅದರ ಕತ್ತು ದೇವರಿಗೆ ಬಿಟ್ಟದ್ದು. ಬರಗಾಲದಲ್ಲೂ ಬಿತ್ತನೆಯ ಭರದಲ್ಲೂ ಯಾರೂ ಮುರಿಯದ ಮಾತು ಅದು. ಅಪ್ಪ ಕೊಟ್ಟಿಗೆಗೆ ಹೋದ. ಎಡದೆತ್ತಿನ ಹಿಣಿಲಿನ ಮೇಲೆ ಕೈಯಿಟ್ಟು ನಿಂತದ್ದನ್ನು ನಾನು ನೋಡಿದೆ. ಎಷ್ಟು ಹೊತ್ತು ನಿಂತನೋ ಹೇಳಲಾರೆ. ಅಣ್ಣತಮ್ಮಂದಿರ ನಾಲ್ಕು ತಿಂಗಳ ಮುನಿಸು ನೆನಪಾಗಿ ನನಗೆ ಭಯವಾಯಿತು: ಅಪ್ಪ ಅಮಾವಾಸ್ಯೆಯನ್ನೇ ನೆಪ ಮಾಡಿಕೊಂಡರೆ?

ಅಪ್ಪ ಹೊರಬಂದ. ಹೆಗಲ ಮೇಲೆ ನೊಗವಿತ್ತು, ಹಿಂದೆ ಎತ್ತುಗಳಿರಲಿಲ್ಲ.

ಅಜ್ಜಿ ಜಗಲಿಯಿಂದ ಇಳಿದಳು. “ಎತ್ತಿನ ಕತ್ತಿಗೆ ಅಮಾಸೆ. ನಮ್ಮ ಕತ್ತಿಗೆ ಯಾವ ಅಮಾಸೆ? ನೊಗ ಕಟ್ಟು ಮಗಾ.”

ನೊಗದ ಎಡಕ್ಕೆ ಅಪ್ಪ ಹೆಗಲು ಕೊಟ್ಟ. ಬಲಗಡೆ ಖಾಲಿಯಿತ್ತು. ಮೇಸ್ತ್ರಿ ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಮಡಿಸಿಟ್ಟುಕೊಂಡು ಅಲ್ಲಿ ಹೋಗಿ ನಿಂತ. ಪಕ್ಕದ ಮನೆಯ ಇಬ್ಬರು ಹೆಂಗಸರು ಮತ್ತು ನಾನು ಹಿಂದಿನಿಂದ ತೊಲೆಗೆ ಕೈಕೊಟ್ಟೆವು. ಮೊದಲ ನೂಕಿಗೆ ಗಾಲಿ ಅಲುಗಲಿಲ್ಲ. ಎರಡನೆಯದಕ್ಕೆ ನರಳಿತು. ಮೂರನೆಯದಕ್ಕೆ ಉರುಳಿತು. ಕೊಟ್ಟಿಗೆಯಿಂದ ಎತ್ತುಗಳು ಮೆಲುಕು ಹಾಕುತ್ತ ನೋಡುತ್ತಿದ್ದವು.

“ನೋಡ್ರೋ, ಅವು ಇವತ್ತು ನಿಮ್ಮನ್ನ ಎಣಿಸ್ತಾವೆ,” ಎಂದಳು ಅಜ್ಜಿ, ಮೊದಲ ಬೀಜ ಹಾಕುತ್ತ.

“ಎಣಿಸಲಿ ಅಮ್ಮಾ,” ಎಂದ ಮೇಸ್ತ್ರಿ ಏದುಸಿರಲ್ಲಿ. “ಚಾವಟಿ ಮಾತ್ರ ಅವುಗಳ ಕೈಗೆ ಕೊಡಬೇಡಿ.”

ಮೊದಲ ಹದ ಹಳ್ಳಕ್ಕೆ ಹೋಯಿತು. ಎರಡನೆಯದೂ ಹೋಯಿತು. ನನ್ನ ಅಂಗೈಯ ಬೊಬ್ಬೆ ಒಡೆದು ಸುಣ್ಣ ಉರಿಯುತ್ತಿತ್ತು. ಮಧ್ಯಾಹ್ನ ಕಳೆದು ಮೂರನೆಯ ಹದ ನಡೆಯುತ್ತಿದ್ದಾಗ ಹಳ್ಳದ ಕಡೆಯಿಂದ ಆಳೊಬ್ಬ ಓಡಿಬಂದ. ಒಡ್ಡು ಒಂದು ಕಡೆ ಕುಸಿದಿದೆ, ಗುಂಡಿಯಲ್ಲಿ ನೀರು ತೊಡೆಗೆ ಬಂದಿದೆ, ಗಾರೆ ಹೆಂಗಿದ್ದರೂ ಸರಿ ಕೊಡಿ ಎಂದ. ನೊಗ ನಿಂತಿತು. ಎಲ್ಲರೂ ಅಜ್ಜಿಯ ಬಲದ ಕುಡಿಕೆ ನೋಡಿದರು. ಇನ್ನೂ ಆರು ಬೀಜ ಉಳಿದಿದ್ದವು.

“ಕೊಟ್ಟುಬಿಡಿ ಗೌಂಡರೇ,” ಎಂದ ಮೇಸ್ತ್ರಿ. “ಅರವತ್ತು ಸುತ್ತು ಯಾರು ನೋಡ್ತಾರೆ?”

ಅಪ್ಪನ ಹೆಗಲಿನ ಚರ್ಮ ಆಗಲೇ ಸುಲಿದಿತ್ತು. ಅವನು ಹಳ್ಳದ ಕಡೆ ನೋಡಿದ. “ಅರೆಯದ ಗಾರೆ ನೀರಲ್ಲಿ ಕರಗ್ತದೆ. ಗೋಡೆ ಐತೆ ಅಂತ ನಂಬಿ ಅವನು ಅಲ್ಲೇ ನಿಂತಿರ್ತಾನೆ,” ಎಂದ. ಆಮೇಲೆ, “ಎಳಿ.”

ಆ ಅರವತ್ತು ಸುತ್ತಿನಷ್ಟು ಉದ್ದದ ದಾರಿಯನ್ನು ನಾನು ಮತ್ತೆಂದೂ ನಡೆದಿಲ್ಲ. ಅಜ್ಜಿಯ ಬೀಜ ಕುಡಿಕೆಗೆ ಬೀಳುವ ಸಣ್ಣ ಸದ್ದಿಗೆ ಕಾಯುತ್ತ ಕಾಲಿಟ್ಟೆವು. ಕೊನೆಯ ಬೀಜ ಬಿದ್ದಾಗ ಅಪ್ಪನೇ ಮೊದಲ ಬುಟ್ಟಿ ತಲೆಗೇರಿಸಿಕೊಂಡು ಮಳೆಯಲ್ಲಿ ಓಡಿದ.

ಹಳ್ಳದಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಕೇಳಿದ್ದು ಇಷ್ಟು: ಅಪ್ಪ ಬುಟ್ಟಿಯೊಂದಿಗೆ ಗುಂಡಿಗೇ ಇಳಿದ. ಅಣ್ಣ ಗಾರೆ ಹಾಕಿದ, ತಮ್ಮ ಕಲ್ಲು ಕೂರಿಸಿದ. ಮೂರನೆಯ ವರಸೆ ಮುಗಿದು ಎಲ್ಲರೂ ದಂಡೆ ಹತ್ತಿದ ಮೇಲೆ ಒಡ್ಡು ಒಡೆಯಿತು. ನೀರು ಕಂಬದ ಎರಡೂ ಬದಿಗೆ ಸೀಳಿ ಹೋಯಿತು. ಕಂಬ ನಿಂತಿತು.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಮನೆಗೆ ಬಂದರು. ಚಿಕ್ಕಪ್ಪ ಕೊಟ್ಟಿಗೆಗೆ ಹೋಗಿ, ನೊಗ ಉಜ್ಜಿ ಗಾಯವಾದ ಎತ್ತಿನ ಕತ್ತಿಗೆ ಹಚ್ಚುವ ಎಣ್ಣೆಯ ಕುಡಿಕೆ ತಂದ. ಅಣ್ಣನ ಹಿಂದೆ ಕೂತು, ಸುಣ್ಣಕ್ಕೆ ಬಿರುಕುಬಿಟ್ಟ ಬೆರಳುಗಳಿಂದ ಹೆಗಲಿಗೆ ಹಚ್ಚಿದ.

“ಮೆಲ್ಲಗ್ಲಾ,” ಎಂದ ಅಪ್ಪ.

“ಎತ್ತು ಮಾತಾಡಬಾರದು,” ಎಂದ ಚಿಕ್ಕಪ್ಪ. ಅಜ್ಜಿ ನಾಲ್ಕು ತಿಂಗಳ ಮೇಲೆ ಮೂರು ತಟ್ಟೆ ಹಾಕಿದಳು, ನನ್ನದು ಸೇರಿ.

ಎರಡು ದಿನಕ್ಕೆ ಕೊಳವೆ ಬಂತು, ಯಂತ್ರ ಮತ್ತೆ ಹೊಗೆ ಬಿಟ್ಟಿತು. ನಮ್ಮ ಗಾಣವನ್ನು ಆಮೇಲೆ ಯಾರೂ ಕೇಳಲಿಲ್ಲ. ಅಪ್ಪ ದೂರಲಿಲ್ಲ, ಎತ್ತುಗಳನ್ನು ಹೊಲಕ್ಕೆ ಹೂಡಿದ. ಅಜ್ಜಿ ಹೋದಳು. ಚಿಕ್ಕಪ್ಪ ಪಳನಿಯ ಕಡೆ ಕೆಲಸಕ್ಕೆ ಹೋದವನು ಅಲ್ಲಿಯೇ ತೀರಿಕೊಂಡ. ಅಪ್ಪನ ಹೆಣಕ್ಕೆ ಸ್ನಾನ ಮಾಡಿಸಿದ ದಿನ ಎಡಹೆಗಲ ಮೇಲೆ ಕಪ್ಪಾಗಿ ಗಟ್ಟಿಗೊಂಡ ಆ ಗುರುತು ಕಂಡಿತು. ನೀರು ಹೊಯ್ಯುತ್ತಿದ್ದವರು ಅದೇನೆಂದು ಕೇಳಿದರು. ನಾನು ಇನ್ನೊಂದು ತಂಬಿಗೆ ನೀರು ಮುಂದೆ ಕೊಟ್ಟೆ. ಮನೆ ಈಗ ಬೇರೆಯವರದು; ಗಾಲಿ ಅರ್ಧ ಮಣ್ಣಲ್ಲಿ ಹೂತಿದೆ, ಅದರ ಮೇಲೆ ಬಟ್ಟೆ ಒಗೆಯುತ್ತಾರೆ.

ಸೇತುವೆ ಇದೆ. ಅದರ ಮೇಲೆ ಈಗ ಮೋಟಾರು ಓಡುತ್ತದೆ. ಯಂತ್ರದ ಗಾರೆ ಬೂದು ಬಣ್ಣ. ಇಟ್ಟಿಗೆ ಪುಡಿ ಹೆಚ್ಚಿಗೆ ಹಾಕುತ್ತಿದ್ದ ನಮ್ಮದು ಕೆಂಪು. ಬೇಸಗೆಯಲ್ಲಿ ಹಳ್ಳ ಇಳಿದಾಗ ನಡುಗಂಬದ ಬುಡದಲ್ಲಿ, ಬೂದು ವರಸೆಗಳ ನಡುವೆ, ಮೂರೇ ಮೂರು ಕೆಂಪು ಗೆರೆ ಕಾಣುತ್ತವೆ. ಛತ್ರದ ಬಳಿ ನಿಂತ ದಿನ ಸಂಜೆ ಅಲ್ಲಿಗೂ ಹೋದೆ. ಮಲೆಯ ಮೇಲೆ ಮಳೆ ಬಂದು ಹಳ್ಳ ತುಂಬಿತ್ತು. ಗೆರೆಗಳು ನೀರಿನ ಕೆಳಗಿದ್ದವು.