ಮರದ ಮೊಗ್ಗಿಗೊಂದು ನಿಜದ ಚೀಟಿ

ಬೆಳಗಿನ ಆರೂಕಾಲು. ಮ್ಯೂಸಿಯಮ್ಮಿನ ದೊಡ್ಡ ಬಾಗಿಲು ತೆರೆಯಲು ಇನ್ನೂ ಹತ್ತಿರ ಹತ್ತಿರ ನಾಲ್ಕು ಗಂಟೆ ಇದೆ. ಮೂರನೇ ಗ್ಯಾಲರಿಯ ತಣ್ಣನೆ ನೆಲದ ಮೇಲೆ ಐವತ್ತೊಂಬತ್ತು ವರ್ಷದ ಹೆಂಗಸೊಬ್ಬರು ಮೊಣಕಾಲೂರಿ ಕೂತು, ಗಾಜಿನ ಪೆಟ್ಟಿಗೆಯ ಪಕ್ಕ ನೀಲಿ ಟೇಪಿನಲ್ಲಿ ಅಂಟಿಸಿದ ಕಾಗದವೊಂದನ್ನು ಕತ್ತೆತ್ತಿ ಓದುತ್ತಿದ್ದಾರೆ. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು ಗಿಡ್ಡ ಸ್ಟೂಲೊಂದರ ಮೇಲೆ ಕೂತು ಅದನ್ನೇ ಓದುತ್ತಾರೆ. ಕೊನೆಗೆ ಎರಡು ಹೆಜ್ಜೆ ಹಿಂದೆ ಸರಿದು, ನಿಂತು ಓದುತ್ತಾರೆ. ಮೊಣಕಾಲೂರಿದ್ದು ಆರು ವರ್ಷದ ಮಗುವಿನ ಎತ್ತರ, ಸ್ಟೂಲು ಗಾಲಿಕುರ್ಚಿಯ ಎತ್ತರ, ನಿಂತದ್ದು ನಮ್ಮ ನಿಮ್ಮ ಎತ್ತರ. ಮೂರೂ ಎತ್ತರಕ್ಕೆ ದಕ್ಕದ ಕಾಗದ ಗೋಡೆಗೆ ಹೋಗುವುದಿಲ್ಲ.

ಗುಡಿಸುವಾಕೆ ಪೊರಕೆ ಗೋಡೆಗೊರಗಿಸಿ ಬಂದು ನಿಲ್ಲುತ್ತಾರೆ. ಐದನೇ ಕ್ಲಾಸಿನವರೆಗೆ ಓದಿದವರು. ದಿನವೂ ಇಷ್ಟೊತ್ತಿಗೆ ಅವರದೊಂದು ಎರಡನೇ ಕೆಲಸವಿದೆ, ಹೊಸ ಕಾಗದವನ್ನು ಗಟ್ಟಿಯಾಗಿ ಓದುವುದು.

"ನಾಲಿಗೆ ಎಲ್ಲಿ ಎಡವ್ತು?" ಓದಿ ಮುಗಿಯುತ್ತಲೇ ಆ ಹೆಂಗಸು ಕೇಳುತ್ತಾರೆ.

"ಇಲ್ಲಿ ನೋಡಿ ಅಕ್ಕ, 'ಅಲಂಕರಣ ವಿನ್ಯಾಸ' ಅಂತ ಇದೆಯಲ್ಲ, ಅಲ್ಲಿ. ಹೂವಿನ ಚಿತ್ರ ಅಂದ್ರೆ ಆಗಲ್ವಾ?"

"ಆಗುತ್ತೆ ತಾಯಿ, ಯಾಕಾಗಲ್ಲ," ಎನ್ನುತ್ತಾ ಅಕ್ಕ ಪೆನ್ನು ತೆಗೆದು ಗೀಚುತ್ತಾರೆ. ದೊಡ್ಡ ಡಿಗ್ರಿ ಪಡೆದವರೊಬ್ಬರು ವಾರಗಟ್ಟಲೆ ಕೂತು ಬರೆದ ಪದ ಒಂದು ಕ್ಷಣದಲ್ಲಿ ಹೋಗುತ್ತದೆ.

ಮ್ಯೂಸಿಯಮ್ಮಿನಲ್ಲಿ ಇವರಿಗೆ ಚೀಟಿಯಕ್ಕ ಎಂದೇ ಹೆಸರು. ಹದಿನಾಲ್ಕು ಗ್ಯಾಲರಿ, ಎರಡು ಸಾವಿರದ ಮುನ್ನೂರು ಚಿಲ್ಲರೆ ವಸ್ತುಗಳು, ಪ್ರತಿಯೊಂದರ ಪಕ್ಕದ ಚೀಟಿಯೂ ಇವರ ಕೈ ದಾಟಿಯೇ ಬಂದದ್ದು. ಯಾವ ವಸ್ತು ಯಾವುದರ ಪಕ್ಕ ಕೂರಬೇಕು, ಬಂದವರು ಎಲ್ಲಿ ತಿರುಗುತ್ತಾರೆ, ಎಷ್ಟು ಹೆಜ್ಜೆಗೆ ಕಾಲು ಸೋತು ಬೆಂಚು ಹುಡುಕುತ್ತಾರೆ, ಇದನ್ನೆಲ್ಲ ಚಪ್ಪಲಿ ಡಬ್ಬಿ ಕತ್ತರಿಸಿ ಗ್ಯಾಲರಿಯ ಮಾದರಿ ಮಾಡಿಕೊಂಡು ಲೆಕ್ಕ ಹಾಕುವವರೂ ಇವರೇ. ಹುದ್ದೆಯ ಹೆಸರು ಮಾತ್ರ ಇಪ್ಪತ್ತೇಳು ವರ್ಷದಿಂದ 'ಟೈಪಿಸ್ಟ್'. ಹೊಸ ಗ್ಯಾಲರಿಯ ಉದ್ಘಾಟನೆಗೆ ಅಚ್ಚು ಹಾಕಿಸಿದ ಪುಸ್ತಕದ ಕೊನೆಯ ಪುಟದಲ್ಲಿ ದೀಪ ಹಾಕಿದ ಕಂಪನಿಗೆ, ಶಾಮಿಯಾನದವರಿಗೆ, ಹೂಗುಚ್ಛ ತಂದವರಿಗೆ ಕೃತಜ್ಞತೆ ಇದೆ. ಇವರ ಹೆಸರು ಭೂತಗನ್ನಡಿ ಹಿಡಿದರೂ ಕಾಣುವುದಿಲ್ಲ.

ಇವರು ಸೇರಿದ್ದು ನಿಜಕ್ಕೂ ಟೈಪು ಮಾಡಲಿಕ್ಕೇ. ಆಗಿನ ಕ್ಯುರೇಟರ್ ಬರೆದುಕೊಟ್ಟದ್ದನ್ನು ಕುಟ್ಟಿ ಕೊಡುವುದಷ್ಟೇ ಕೆಲಸ. ಒಂದು ದಿನ ಮೂರು ಸಾಲಿನ ವಾಕ್ಯವೊಂದರ ತಲೆಬುಡ ತಿಳಿಯದೆ, "ಸಾರ್, ಇದರ ಅರ್ಥ ಏನು?" ಎಂದು ಕೇಳಿಬಿಟ್ಟರು. ಆ ಹಿರಿಯರು ಒಳ್ಳೆಯವರು. ಕನ್ನಡಕ ತೆಗೆದು ತಮ್ಮ ವಾಕ್ಯವನ್ನು ತಾವೇ ಎರಡು ಸಲ ಓದಿ ನಕ್ಕು, "ನಂಗೂ ಗೊತ್ತಾಗ್ತಿಲ್ಲ ಕಣಮ್ಮ. ನೀನೇ ಬರಿ" ಎಂದರಂತೆ. ಅಂದಿನಿಂದ ಬರೆಯುವುದು ಶುರುವಾಯಿತು.

ಬರೆದರೆ ಸಾಕೇ? ಓದುತ್ತಾರೋ ಇಲ್ಲವೋ ನೋಡಬೇಡವೇ? ಬಾಗಿಲು ತೆರೆದ ಮೇಲೆ ಇವರು ಗ್ಯಾಲರಿಯ ಮೂಲೆಯಲ್ಲಿ, ಯಾರಿಗೋ ಕಾಯುವವರ ಹಾಗೆ, ಗಡಿಯಾರ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಒಬ್ಬ ಮನುಷ್ಯ ಒಂದು ಚೀಟಿಗೆ ಕೊಡುವ ಹೊತ್ತು ಸರಾಸರಿ ಹನ್ನೊಂದು ಸೆಕೆಂಡು. ಚೆನ್ನಾಗಿದ್ದರೆ ಹದಿನೈದು. "ಆ ಹನ್ನೊಂದು ಸೆಕೆಂಡಿನಲ್ಲಿ ಸುಳ್ಳು ಹೇಳಿದ್ರೆ ಅವರು ಅದನ್ನ ಮನೆಗೆ ತಗೊಂಡು ಹೋಗ್ತಾರೆ, ಮಕ್ಕಳಿಗೆ ಹೇಳ್ತಾರೆ. ಯಾಕಂದ್ರೆ ಮ್ಯೂಸಿಯಮ್ಮಿನಲ್ಲಿ ಬರೆದಿತ್ತಲ್ಲ! ಅದಕ್ಕೇ ಭಯ ನಂಗೆ," ಎನ್ನುತ್ತಾರೆ.

ಮುದ್ರಣಾಲಯದಲ್ಲಿ ಮೆಷೀನು ನಡೆಸಿ ನಿವೃತ್ತರಾದ ಇವರ ಯಜಮಾನರಿಗೆ ಈ ಭಯ ಚೆನ್ನಾಗಿ ಗೊತ್ತು. "ಮನೇಲಿ ಉಪ್ಪಿನ ಡಬ್ಬಿಯಿಂದ ಹಿಡಿದು ಎಲ್ಲದಕ್ಕೂ ಚೀಟಿ ಅಂಟಿಸಿದ್ದಾಳೆ. ನನಗೊಬ್ಬನಿಗೆ ಬಾಕಿ. ಏನು ಬರೆಯೋದು ಅಂತ ಇನ್ನೂ ಖಚಿತ ಆಗಿಲ್ಲವಂತೆ," ಎಂದು ಅವರು ನಗುತ್ತಾರೆ.

ಈಗ ಬರುವ ಮಾತಿಗೆ ಮಾತ್ರ ನಗಲು ಸಾಧ್ಯವಿಲ್ಲ.

ಐದನೇ ಗ್ಯಾಲರಿಯ ನಡುವಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಒಂದು ಮರದ ವಸ್ತು ಇದೆ. ಬುಡ ಅಗಲ, ತುದಿ ಚೂಪು, ಮೈಮೇಲೆ ಮೇಲಿಂದ ಕೆಳಗೆ ಮೂರು ಆಳವಾದ ಗೀರು. ನಲವತ್ತು ವರ್ಷ ಅದು ವೆಲ್ವೆಟ್ ಬಟ್ಟೆಯ ಮೇಲೆ ಚೂಪು ತುದಿ ಆಕಾಶಕ್ಕೆ ಮಾಡಿ ನಿಂತಿತ್ತು. ಪಕ್ಕದ ಚೀಟಿ: 'ಶಿಖರಾಕೃತಿ. ಧಾರ್ಮಿಕ ವಿಧಿಗಳಲ್ಲಿ ಬಳಸುತ್ತಿದ್ದಿರಬಹುದು.' ಮ್ಯೂಸಿಯಂ ಕೆಲಸದವರಲ್ಲಿ ಒಂದು ಹಳೆಯ ತಮಾಷೆ ಇದೆ: ಯಾವುದಕ್ಕೆ ಅಂತ ಗೊತ್ತಿಲ್ಲದಿದ್ದರೆ ವಿಧಿಗೆ ಅಂತ ಬರೆ, ಯಾರೂ ಜಗಳಕ್ಕೆ ಬರಲ್ಲ. ಆ ತಮಾಷೆಯನ್ನು ಯಾರೋ ಗೋಡೆಗೇ ಹಾಕಿಬಿಟ್ಟಿದ್ದರು.

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ, ಎಂಬತ್ತು ದಾಟಿದ ಒಬ್ಬ ಮುದುಕಿ ಮೊಮ್ಮಗಳ ಕೈ ಹಿಡಿದು ಆ ಪೆಟ್ಟಿಗೆಯ ಮುಂದೆ ನಿಂತರು. ಮೊಮ್ಮಗಳು ಚೀಟಿ ಓದಿ ಹೇಳಿದಳು. ಮುದುಕಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಮೂಲೆಯಲ್ಲಿ ಗಡಿಯಾರ ಹಿಡಿದು ನಿಂತಿದ್ದ ಚೀಟಿಯಕ್ಕ ಹತ್ತಿರ ಹೋದರು.

"ಯಾಕಮ್ಮ ನಗ್ತಿದ್ದೀರಿ?"

"ಇನ್ನೇನು ಮಾಡ್ಲಿ ಮಗಳೇ? ಇದು ಹಗ್ಗ ಹೊಸೆಯೋ ಮೊಗ್ಗು! ನಮ್ಮನೇಲಿ ಇಂಥದ್ದೇ ಒಂದನ್ನ ಬಾಗಿಲಿಗೆ ಅಡ್ಡ ಇಟ್ಟಿದ್ದೀವಿ, ಗಾಳಿಗೆ ಬಡ್ಕೋಬಾರದು ಅಂತ. ನೀವು ನೋಡಿದ್ರೆ ಮಖಮಲ್ಲಿನ ಮೇಲೆ ಕೂರಿಸಿ ದೀಪ ಬಿಟ್ಟಿದ್ದೀರಲ್ಲ!"

ಬೇರೆ ಯಾರಾದರೂ ಆಗಿದ್ದರೆ ತಲೆಯಾಡಿಸಿ ಕಳಿಸಿಬಿಡುತ್ತಿದ್ದರು. ಚೀಟಿಯಕ್ಕ ಮರುವಾರ ರಜೆಯ ದಿನ ಎರಡು ಬಸ್ಸು ಬದಲಿಸಿ ಆಕೆಯ ಮನೆಗೆ ಹೋದರು. ಬೀದಿಗೆ ಬೀದಿಯೇ ಹಗ್ಗದಜ್ಜಿ ಎಂದು ಕರೆಯುವ ಆಕೆ ಬಾಗಿಲ ಸಂದಿಯಿಂದ ತಮ್ಮ ಮೊಗ್ಗು ತೆಗೆದು, ನಾರಿನ ಮೂರು ಎಳೆಗಳನ್ನು ಅದರ ಮೂರು ಗೀರುಗಳಲ್ಲಿ ಕೂರಿಸಿದರು. ಮೊಮ್ಮಗಳು ಓಣಿಯ ಆ ತುದಿಯಲ್ಲಿ, ಎಳೆಗಳನ್ನು ಸಿಕ್ಕಿಸಿದ್ದ ಕೊಕ್ಕೆಗಳ ಹಿಡಿಕೆ ತಿರುಗಿಸಿದಳು. ಅಜ್ಜಿ ಮೊಗ್ಗನ್ನು ಅಡ್ಡ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಮುಂದೆ ನಡೆದಂತೆ, ಅದರ ಚೂಪು ಮೂತಿಯ ಹಿಂದೆ ಬಿಗಿಯಾದ ಹಗ್ಗ ಹುಟ್ಟುತ್ತಾ ಬಂತು. ಐವತ್ತು ವರ್ಷ ಈ ಕೈಗಳು ಮಾಡಿದ ಹಗ್ಗ ದೋಣಿ ಕಟ್ಟಿದೆ, ಮರದ ದಿಮ್ಮಿ ಎಳೆದಿದೆ, ಬಾವಿಯಿಂದ ನೀರು ಸೇದಿದೆ. ಅಜ್ಜಿ ಹೆಬ್ಬೆರಳೂರಿದ ಜಾಗ ಮರದಲ್ಲಿ ಸವೆದು ಕುಳಿಬಿದ್ದಿತ್ತು. ಮ್ಯೂಸಿಯಮ್ಮಿನ ಮೊಗ್ಗಿನಲ್ಲೂ ಅದೇ ಜಾಗದಲ್ಲಿ ಅಂಥದ್ದೇ ಕುಳಿ ಇದೆ. ನಲವತ್ತು ವರ್ಷದಿಂದ ಪಂಡಿತರು ಅದಕ್ಕೆ 'ಕಾಲದ ಗಾಯ' ಎನ್ನುತ್ತಿದ್ದರು.

ಇಷ್ಟು ಸಾಲದೆಂದು ಅಕ್ಕ ಹಳೆಯ ರಿಜಿಸ್ಟರುಗಳ ಧೂಳು ಕೊಡವಿ ಹುಡುಕಿದರು. ವಸ್ತು ಬಂದ ದಿನದ ಪುಟದಲ್ಲಿ ನೀಲಿ ಮಸಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: 'ಹಳೆಯ ಹಗ್ಗದ ಕಾರ್ಖಾನೆ ಕೆಡವಿದಾಗ ಸಿಕ್ಕಿದ್ದು.' ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನಾಲ್ಕು ದಶಕದಲ್ಲಿ ಎಷ್ಟು ನಿರ್ದೇಶಕರು ಬಂದರು, ಎಷ್ಟು ವಿದ್ವಾಂಸರು ಆ ಶಿಖರದ ಬಗ್ಗೆ ಉಪನ್ಯಾಸ ಕೊಟ್ಟು ಶಾಲು ಹೊದೆಸಿಕೊಂಡರು! ತಮ್ಮದೇ ಕಪಾಟಿನ ಒಂದು ಪುಟ ತಿರುವಲು ಒಬ್ಬರಿಗೂ ಪುರುಸೊತ್ತಾಗಲಿಲ್ಲ.

ಚೀಟಿಯಕ್ಕ ಮಾತ್ರ ಬೇರೆಯವರನ್ನು ಬೈಯುವ ಮೊದಲು ತಮ್ಮನ್ನೇ ಬೈದುಕೊಳ್ಳುತ್ತಾರೆ. "ಆ ಸುಳ್ಳನ್ನ ಮೂರು ಸಲ ನನ್ನ ಕೈಯಾರೆ ಟೈಪ್ ಮಾಡಿದ್ದೀನಿ. ಪ್ರತಿ ಸಲ ಅಕ್ಷರ ಇನ್ನಷ್ಟು ದೊಡ್ಡದು ಮಾಡಿದೆ, ವಯಸ್ಸಾದವರಿಗೂ ಕಾಣಲಿ ಅಂತ! 'ಬಹುದು' ಅಂತ ಇದ್ದಾಗಲೇ ನಾನು ಕೇಳಬೇಕಿತ್ತು, ಯಾಕೆ ಬಹುದು, ಯಾರು ಹೇಳಿದ್ರು ಅಂತ. ಕೇಳಲಿಲ್ಲ. ಅದು ನನ್ನ ತಪ್ಪೇ."

ತಪ್ಪು ತಿದ್ದಿದರು ಕೂಡ. ಆಗಿನ ನಿರ್ದೇಶಕರ ಒಪ್ಪಿಗೆ ಪಡೆದು ವೆಲ್ವೆಟ್ ತೆಗೆಸಿ, ಮೊಗ್ಗನ್ನು ಅಡ್ಡ ಮಲಗಿಸಿ, ಗೀರುಗಳಲ್ಲಿ ಅಜ್ಜಿ ಹೊಸೆದ ಹಗ್ಗದ ಎಳೆ ಕೂರಿಸಿದರು. ಹೊಸ ಚೀಟಿಯನ್ನು ಏಳು ಸಲ ತಿದ್ದಿ ಬರೆದರು. ಕೊನೆಯ ಸಾಲಿನಲ್ಲಿ, ಇದನ್ನು ಗುರುತಿಸಿದ್ದು ಐವತ್ತು ವರ್ಷ ಹಗ್ಗ ಹೊಸೆದ ಒಬ್ಬ ಹೆಂಗಸು ಎಂದು ಆಕೆಯ ಹೆಸರು ಸಮೇತ ಹಾಕಿದರು. ಆ ಚೀಟಿಯ ಮುಂದೆ ಜನ ನಿಂತದ್ದು ಸರಾಸರಿ ಮೂವತ್ತನಾಲ್ಕು ಸೆಕೆಂಡು. ಅಜ್ಜಿಗೆ ಆಗ ಕಾಲುನೋವು. ವಾಸಿಯಾಗಲಿ, ಬಂದು ನೋಡುತ್ತೇನೆ ಎಂದಿದ್ದರು. ಅಷ್ಟರಲ್ಲಿ ಏಳು ತಿಂಗಳು ಕಳೆದು, ನವೀಕರಣಕ್ಕೆಂದು ಗ್ಯಾಲರಿ ಮುಚ್ಚಿತು.

ಹೊಸ ನಿರ್ದೇಶಕರು ಬಂದರು. ಹೊರಗಿನ ವಿನ್ಯಾಸ ಸಂಸ್ಥೆಯೊಂದನ್ನು ಕರೆಸಿದರು. ಆ ಸಂಸ್ಥೆಯ ಕಣ್ಣು ಹಳೆಯ ಫೋಟೊ ಒಂದರಲ್ಲಿ ನೆಟ್ಟಗೆ ನಿಂತ 'ಶಿಖರ'ದ ಮೇಲೆ ಬಿತ್ತು. ಅದೇ ಗ್ಯಾಲರಿಯ ಲಾಂಛನವಾಯಿತು. ಟಿಕೆಟ್ಟಿನ ಮೇಲೆ ಅದು, ಬಾಗಿಲ ಮೇಲೆ ಅದು, ಅಂಗಡಿಯಲ್ಲಿ ಮಾರುವ ಚೀಲದ ಮೇಲೂ ಅದು. ಲಾಂಛನ ಅಂದಮೇಲೆ ಹಗ್ಗದ ಮೊಗ್ಗಾದರೆ ಹೇಗೆ? ಮೂರು ತಿಂಗಳ ಹಿಂದೆ ಗ್ಯಾಲರಿ ತೆರೆದಾಗ ವಸ್ತು ಮತ್ತೆ ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ: 'ನಿಗೂಢ ಶಿಖರ. ಮರೆತುಹೋದ ವಿಧಿಯೊಂದರ ಮೌನ ಸಾಕ್ಷಿ.' ಮೊದಲಿದ್ದ 'ಬಹುದು' ಕೂಡ ಹೋಗಿತ್ತು. ಈ ಸಾಲುಗಳನ್ನು ಅಚ್ಚಿಗೆ ಮೊದಲು ಕಾಗುಣಿತ ನೋಡಲು ಚೀಟಿಯಕ್ಕನಿಗೇ ಕಳಿಸಿದ್ದರು, ಗಾಯಕ್ಕೆ ಉಪ್ಪು ಸವರಿದ ಹಾಗೆ. ಅವರು ಒಂದೇ ಸಾಲು ಬರೆದು ವಾಪಸು ಕಳಿಸಿದರು: "ಅಕ್ಷರ ಸರಿ ಇದೆ, ವಿಷಯ ತಪ್ಪು."

ನಿರ್ದೇಶಕರನ್ನು ಈ ಪತ್ರಿಕೆ ಕೇಳಿತು. "ಒಂದು ವಸ್ತುವಿಗೆ ಅನೇಕ ಅರ್ಥಗಳಿರುತ್ತವೆ. ಜನಕ್ಕೆ ರಹಸ್ಯ ಇಷ್ಟ. ಆದರೂ ಪರಿಶೀಲನೆಗೆ ಸಮಿತಿ ಮಾಡಿದ್ದೇವೆ, ಹದಿನೆಂಟು ತಿಂಗಳಲ್ಲಿ ವರದಿ ಬರುತ್ತದೆ," ಎಂದರು. ರಿಜಿಸ್ಟರಿನ ಆ ಪುಟ ನೋಡಿದ್ದೀರಾ ಎಂದು ಕೇಳಿದರೆ, ಅದೂ ಸಮಿತಿಯ ಮುಂದಿದೆಯಂತೆ. ಒಂದು ಸಾಲು ಓದಲು ಹದಿನೆಂಟು ತಿಂಗಳು! ಅದು ಸಮಿತಿಯಲ್ಲ, ಮೂಗಿಗೆ ಸವರಿದ ತುಪ್ಪ. ಆ ಸಮಿತಿಯಲ್ಲಿ ಐದು ಜನ ಇದ್ದಾರೆ. ಜೀವಮಾನದಲ್ಲಿ ಒಂದು ಮೊಳ ಹಗ್ಗ ಹೊಸೆದವರು ಅವರಲ್ಲಿ ಯಾರೂ ಇಲ್ಲ. ಹಗ್ಗದಜ್ಜಿಯನ್ನು ಕರೆದು ಕೇಳೋಣ ಎಂದು ಚೀಟಿಯಕ್ಕ ಬರೆದ ಪತ್ರಕ್ಕೆ ಉತ್ತರವೂ ಇಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಮೊಲ ಸಾಕಿದವರ ಸಾಕ್ಷಿ ಯಾಕೆ ಬೇಕು?

ಗೋಡೆ ಕೈತಪ್ಪಿದ ಮೇಲೆ, ಇಪ್ಪತ್ತೇಳು ವರ್ಷ ಬಾಯಿ ಮುಚ್ಚಿಕೊಂಡು ಬರೆದ ಹೆಂಗಸು ಮಾತಾಡಲು ಶುರುಮಾಡಿದ್ದಾರೆ. ದಿನವೂ ಮಧ್ಯಾಹ್ನ ತಮ್ಮ ಊಟದ ಬಿಡುವಿನಲ್ಲಿ ಆ ಪೆಟ್ಟಿಗೆಯ ಪಕ್ಕ ನಿಲ್ಲುತ್ತಾರೆ. ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. ಚೀಲದಲ್ಲಿ ಒಂದು ತುಂಡು ಹಗ್ಗ ಇಟ್ಟುಕೊಂಡಿರುತ್ತಾರೆ, ಅದನ್ನು ಬಿಡಿಸಿ ಮೂರು ಎಳೆ ತೋರಿಸುತ್ತಾರೆ. ದಿನಕ್ಕೆ ಅರವತ್ತು, ಎಪ್ಪತ್ತು ಜನ. ಕಳೆದ ವಾರ ಕಚೇರಿಯಿಂದ ನೋಟಿಸು ಬಂದಿದೆ: 'ಅನಧಿಕೃತವಾಗಿ ಮೌಖಿಕ ವಿವರಣೆ ನೀಡುತ್ತಿರುವ ಬಗ್ಗೆ.' ಅವರ ಉತ್ತರ ಎರಡು ಪದ: 'ಹೌದು, ನೀಡುತ್ತಿದ್ದೇನೆ.'

"ಕೆಲಸದಿಂದ ತೆಗೀತಾರೇನೋ ಅಂತ ಇವರಿಗೆ ಚಿಂತೆ," ಎಂದು ಗಂಡನ ಕಡೆ ಕೈ ತೋರಿಸುತ್ತಾರೆ. "ತೆಗೆದರೆ ಟಿಕೆಟ್ ತಗೊಂಡು ಒಳಗೆ ಬರ್ತೀನಿ. ಆಗ ನೋಟಿಸ್ ಯಾರಿಗೆ ಕೊಡ್ತಾರೆ? ನಂಗೆ ಸಿಟ್ಟು ನನ್ನ ಹೆಸರು ಹಾಕಲಿಲ್ಲ ಅಂತಲ್ಲ. ಒಬ್ಬ ಹೆಂಗಸು ಐವತ್ತು ವರ್ಷ ಅಂಗೈ ಸುಲಿಸಿಕೊಂಡು ಮಾಡಿದ್ದು ಕೆಲಸ. ಅದು ಕೆಲಸ ಅಂತ ಬರೆದ್ರೆ ಇವರಿಗೆ ಸಪ್ಪೆ ಅನ್ಸುತ್ತೆ. ನಿಗೂಢ ಅಂದ್ರೆ ರುಚಿ! ದುಡಿದು ತಿಂದವರದ್ದೇನೂ ನಿಗೂಢ ಅಲ್ಲಪ್ಪ. ಕೇಳಿದ್ರೆ ಹೇಳ್ತಾರೆ, ಬಾಯಿದೆ."

ಇವರ ನಿವೃತ್ತಿಗೆ ಉಳಿದಿರುವುದು ಐದು ತಿಂಗಳು. ಸಮಿತಿಗೆ ಹದಿನೆಂಟು ತಿಂಗಳು. ಹಗ್ಗದಜ್ಜಿಗೆ ಎಂಬತ್ತಮೂರು. ಮೊನ್ನೆ ಫೋನು ಮಾಡಿ, "ಕಾಲು ಸ್ವಲ್ಪ ಪರವಾಗಿಲ್ಲ ಮಗಳೇ, ಬರ್ಲಾ?" ಎಂದು ಕೇಳಿದರಂತೆ. ಇನ್ನೊಂದು ಸ್ವಲ್ಪ ದಿನ ತಡೀರಿ ಎಂದು ಹೇಳಿ ಫೋನಿಟ್ಟ ಚೀಟಿಯಕ್ಕ ಆ ರಾತ್ರಿ ಊಟ ಮಾಡಲಿಲ್ಲವಂತೆ. ಇದನ್ನು ಹೇಳಿದ್ದು ಯಜಮಾನರು, ಈ ಸಲ ನಗದೆ.

ಸಹೋದ್ಯೋಗಿಗಳು ಬೀಳ್ಕೊಡುಗೆ ಸಮಾರಂಭದ ಮಾತೆತ್ತಿದರೆ ಇವರು ಕೈಯಾಡಿಸಿಬಿಡುತ್ತಾರೆ. ಹಾಗಾದರೆ ಏನು ಬೇಕು?

"ಹಾರ ಬೇಡ, ಭಾಷಣ ಬೇಡ. ನಿಜವಾದ ಚೀಟಿ ವಾಪಸು ಆ ಗೋಡೆ ಮೇಲೆ ಬರಬೇಕು, ನಾನು ಇಲ್ಲಿರೋವಾಗಲೇ, ಅಜ್ಜಿ ಇರೋವಾಗಲೇ. ಅವರಿಗೆ ಓದೋಕೆ ಬರಲ್ಲ. ನಾನು ಪಕ್ಕದಲ್ಲಿ ನಿಂತು, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ಅವರ ಹೆಸರು ಎಲ್ಲಿದೆ ಅಂತ ತೋರಿಸಬೇಕು."