ಮಾತ್ರೆ ಸ್ಟ್ರಿಪ್ಪಿನ ಕಾವೇರಿ

ನಮ್ಮ ಅವ್ವ ಕಳೆದ ವರ್ಷ ಶುಗರ್ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳಿಂದ ಕಾವೇರಿ ನದಿ ಮಾಡಿದಳು.

ನಗಬೇಡಿ. ಮೊದಲು ನಾನೂ ನಕ್ಕಿದ್ದೆ. ಆಮೇಲೆ ಬಾಯಿ ಮುಚ್ಚಿಕೊಂಡು ಕೂತೆ.

ನನ್ನ ಹುಚ್ಚು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಭಾನುವಾರ ಬಂತೆಂದರೆ ಹುಣಸೂರಿನ ನಮ್ಮ ಮನೆಯ ಊಟದ ಟೇಬಲ್ ಮೇಲೆ ಊಟಕ್ಕೆ ಜಾಗ ಇರುವುದಿಲ್ಲ. ಕತ್ತರಿ, ಗಮ್ಮು, ವಾಟರ್ ಕಲರ್, ಹಳೇ ಮದುವೆ ಪತ್ರಿಕೆ, ಬ್ಲೌಸ್ ಪೀಸಿನ ಚೂರು, ಒಣಗಿದ ಎಲೆ, ಒಡೆದ ಬಳೆ. ಇವನ್ನೆಲ್ಲ ಸೇರಿಸಿ ಅಂಗೈಯಗಲದ ಚಿತ್ರ ಮಾಡುತ್ತೇನೆ, ಕಾರ್ಡ್ ಮಾಡುತ್ತೇನೆ. ಬಣ್ಣ, ಬಟ್ಟೆ, ಕಾಗದ, ಕಸ ಎಲ್ಲ ಒಂದರಲ್ಲೇ ಇರುವುದರಿಂದ ಇದಕ್ಕೆ ಮಿಕ್ಸ್ಡ್ ಮೀಡಿಯಾ ಅಂತ ಹೆಸರು. (ನನ್ನ ಗಂಡ ಇದನ್ನು ಬಿಸಿಬೇಳೆಬಾತ್ ಅನ್ನುತ್ತಾರೆ. ಮನೆಯಲ್ಲಿ ಇನ್ನೂ ಅಡುಗೆ ಆಗಿಲ್ಲ ಅಂತ ನೆನಪಿಸುವ ರೀತಿ ಅದು.)

ಅಂಗಡಿಗೆ ಹೋಗಿ ಗ್ಲಿಟರ್ ಶೀಟ್ ಕೇಳಿದರೆ, "ಸ್ಕೂಲ್ ಪ್ರಾಜೆಕ್ಟಾ ಮೇಡಂ? ಮಗು ಎಷ್ಟನೇ ಕ್ಲಾಸು?" ಅನ್ನುತ್ತಾರೆ. ಮಗು ಡಿಗ್ರಿ ಮುಗಿಸಿದೆ, ಇದು ನನಗೇ ಅಂದರೆ ಪಾಪ ಅನ್ನುವ ಮುಖ ಮಾಡುತ್ತಾರೆ. ಐವತ್ತು ದಾಟಿದ ಹೆಂಗಸು ಕತ್ತರಿ ಹಿಡಿದರೆ ಒಂದೋ ರವಿಕೆ ಕತ್ತರಿಸಬೇಕು, ಇಲ್ಲವೇ ಹಾಲಿನ ಪ್ಯಾಕೆಟ್ಟು. ಖುಷಿಗೆ ಹಿಡಿದರೆ ಊರಿಗೆಲ್ಲ ಅನುಮಾನ!

ಅವ್ವನಿಗಂತೂ ಅನುಮಾನವೇ ಇರಲಿಲ್ಲ, ಮಗಳಿಗೆ ತಲೆ ಕೆಟ್ಟಿದೆ ಅಂತ ಖಾತ್ರಿಯಾಗಿತ್ತು. ಅವಳು ಇರುವುದು ನನ್ನ ತಮ್ಮನ ಜೊತೆ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಮಧ್ಯಾಹ್ನದ ಊಟ ಮುಗಿಸಿ ನಮ್ಮಲ್ಲಿಗೆ ಬರುತ್ತಾಳೆ. ಬಂದವಳು ಟೇಬಲ್ ನೋಡಿ ಶುರು ಮಾಡುತ್ತಾಳೆ.

"ಇದೇನವ್ವ, ಕೋಳಿ ಕೆದರ್ದಂಗೆ ಕೆದರ್ಕಂಡ್ ಕೂತಿದ್ದೀಯ? ಕಾಲೇಜಲ್ಲಿ ಮಕ್ಳಿಗೂ ಇದ್ನೇ ಯೋಳ್ಕೊಡ್ತೀಯಾ?"

"ಮನಸ್ಸಿಗೆ ಹಗುರ ಆಗ್ತದೆ ಕಣವ್ವ."

"ಮನಸ್ಸು ಅಗುರ ಆಗ್ಬೇಕಾದ್ರೆ ಮನೆ ಗುಡ್ಸು. ಮನೇನೂ ಅಗುರ ಆಯ್ತದೆ."

ನಾನು ಗಮ್ಮಿನ ಮುಚ್ಚಳ ತೆಗೆದು ಅಂಟಿಸುವುದನ್ನು ಮುಂದುವರಿಸುತ್ತೇನೆ.

ಆದರೆ ಆ ಒಂದು ಭಾನುವಾರ ಅವ್ವ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಒಂದು ಖಾಲಿ ಕಾರ್ಡನ್ನು ತನ್ನ ಮುಂದೆ ಇಟ್ಟುಕೊಂಡಳು. ಕೈಚೀಲದಿಂದ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳ ಕಟ್ಟು ತೆಗೆದಳು. ಮೆಡಿಕಲ್ ಸ್ಟೋರಿನಲ್ಲಿ ತೋರಿಸಿ ಅದೇ ಮಾತ್ರೆ ಕೇಳಬೇಕಲ್ಲ, ಹಾಗಾಗಿ ಅವ್ವ ಅವನ್ನು ಎಸೆಯುವುದಿಲ್ಲ. ಹಿಂದಿನ ಬೆಳ್ಳಿ ಹಾಳೆಯನ್ನು ನಿಧಾನಕ್ಕೆ ಸುಲಿದು, ಕಾರ್ಡಿಗೆ ಗಮ್ಮು ಬಳಿದು, ಹೆಬ್ಬೆರಳಿನ ಉಗುರಿನಿಂದ ತೀಡತೊಡಗಿದಳು.

ಮೇಲೆ ನಯವಾದ ಹಾಳೆ, ನಿಂತ ನೀರಿನ ಹಾಗೆ. ಕೆಳಗೆ ಬರುತ್ತಾ ಬೇರೆಯದೇ. ಮಾತ್ರೆ ಒತ್ತಿ ತೆಗೆದಾಗ ಹಾಳೆ ಗುಂಡಗೆ ಒಡೆದು ಎದ್ದಿರುತ್ತದಲ್ಲ, ಅಂಥ ಚೂರುಗಳನ್ನೇ ಆರಿಸಿ ಆರಿಸಿ ನೀರು ಧುಮುಕುವ ಕಡೆ ಅಂಟಿಸಿದಳು. ನೊರೆ! ನಿಜವಾಗಿಯೂ ನೊರೆ. ಕಿವಿಗೆ ಸದ್ದು ಕೇಳಿದ ಹಾಗಾಯಿತು ನನಗೆ.

ದಡಕ್ಕೆ ರವೆ ಉದುರಿಸಿದಳು, ಮರಳಾಯಿತು. ಹಸಿರು ಬಟ್ಟೆಯ ಚೂರಿನಿಂದ ಲಂಗ, ಕಂದು ಕವರಿನಿಂದ ಮೈ. ದಡದಲ್ಲಿ ಒಬ್ಬಳು ಪುಟ್ಟ ಹುಡುಗಿ, ಮುಖ ನೀರಿನ ಕಡೆ. ನಮಗೆ ಕಾಣುವುದು ಅವಳ ಬೆನ್ನು ಮಾತ್ರ. ಕಪ್ಪು ದಾರದ ಮೂರು ಎಳೆ ಹೆಣೆದು ಉಗುರುದ್ದದ ಜಡೆ ಮಾಡಿ ತಲೆಗೆ ಅಂಟಿಸಿದಳು. ತುದಿಯನ್ನು ಅಂಟಿಸದೆ ಹಾಗೇ ಜೋತುಬಿಟ್ಟಳು.

"ಎಲ್ಲಿದು ಅವ್ವ?"

"ಚುಂಚನಕಟ್ಟೆ. ನಮ್ ಒಳೆ." ಕಾವೇರಿ ಧುಮುಕುವ ಆ ಊರಿನ ಪಕ್ಕದ ಹಳ್ಳಿಯೇ ಅವ್ವನ ತವರು. ಮನೆ ಬಟ್ಟೆಯನ್ನೆಲ್ಲ ಹೊತ್ತು ಆ ಹೊಳೆಗೇ ಹೋಗುತ್ತಿದ್ದರಂತೆ.

ಕಾರ್ಡನ್ನು ಫ್ಯಾನಿನ ಕೆಳಗೆ ಒಣಗಿಸಿ ನನ್ನ ಕೈಗಿಟ್ಟು ಅವ್ವ ಅಂದಳು: "ನಾಳೆ ಕಾಲೇಜಿಗೆ ಓದಾಗ ಇದ್ನ ಮಿರ್ಲೇಗೆ ಕೊಟ್ಬುಡು."

ನನ್ನ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು.

ಮಿರ್ಲೆಯಲ್ಲಿರುವುದು ದೊಡ್ಡವ್ವ, ಅಂದರೆ ಅವ್ವನ ಅಕ್ಕ. ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಕಾರಣ? ಗೃಹಪ್ರವೇಶ. ನನ್ನ ತಮ್ಮ ಹುಣಸೂರಿನಲ್ಲಿ ಮನೆ ಕಟ್ಟಿಸಿದಾಗ ಅವ್ವ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಿ ಕರೆದಳು. ಪಿರಿಯಾಪಟ್ಟಣದ ನೆಂಟರನ್ನು ಕರೆದಳು. ಎಚ್.ಡಿ. ಕೋಟೆ ಕಡೆಯ ಹಂಪಾಪುರಕ್ಕೂ ಹೋಗಿ ಬೀಗರಿಗೆ ಕುಂಕುಮವಿಟ್ಟು ಬಂದಳು. ಅಷ್ಟರಲ್ಲಿ ದಿನ ಮುಗಿದಿತ್ತು. ಅಕ್ಕ ತಾನೇ, ನಮ್ಮವಳೇ, ಅವಳಿಗ್ಯಾಕೆ ಉಪಚಾರ ಅಂತ ಮಿರ್ಲೆಗೆ ಮಾತ್ರ ವಾಟ್ಸಾಪ್‌ನಲ್ಲಿ ಪತ್ರಿಕೆ ಹೋಯಿತು.

ದೊಡ್ಡವ್ವ ಬರಲಿಲ್ಲ. "ಬೀಗರಿಗೆ ಕುಂಕುಮ, ನಂಗೆ ಪೋನಾ?" ಅಂದಳಂತೆ. "ಒಡಹುಟ್ಟಿದೋಳು, ಕರೀದಿದ್ರೂ ಬರ್ಬೇಕಿತ್ತು" ಅಂದಳು ಅವ್ವ.

ನೀವೇ ಹೇಳಿ, ಯಾರದು ತಪ್ಪು? ಇಬ್ಬರದ್ದೂ ಸರಿಯೇ. ಅದೇ ತೊಂದರೆ. ಇಬ್ಬರದ್ದೂ ತಪ್ಪಾಗಿದ್ದರೆ ಯಾವತ್ತೋ ಸರಿಹೋಗುತ್ತಿತ್ತು! ನಮ್ಮ ಜನರೇ ಹೀಗೆ. ದೂರದವರಿಗೆ ಮರ್ಯಾದೆ ಜಾಸ್ತಿ, ಹತ್ತಿರದವರಿಗೆ ‘ನಮ್ಮೋರು ಬುಡು’. ಆ ‘ನಮ್ಮೋರು ಬುಡು’ ಎಷ್ಟು ಮನೆ ಮುರಿದಿದೆಯೋ.

ನಾನು ಪಾಠ ಹೇಳುವುದು ಕೆ.ಆರ್. ನಗರದಲ್ಲಿ. ಅಲ್ಲಿಂದ ಇನ್ನೊಂದು ಬಸ್ ಹಿಡಿದರೆ ಮಿರ್ಲೆ. ಮರುದಿನ ಕಾಲೇಜು ಮುಗಿಸಿ ಹೋದೆ. ದೊಡ್ಡವ್ವ ಕಾರ್ಡ್ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು ಸ್ವಲ್ಪ ಓರೆ ಮಾಡಿದಳು. ಬಿಸಿಲು ಆ ಬೆಳ್ಳಿ ನೀರಿನ ಮೇಲೆ ಹರಿದು ಅವಳ ಕೆನ್ನೆಗೆ ಬಿತ್ತು. ತುಂಬಾ ಹೊತ್ತು ನೋಡಿದಳು. ಯಾರು ಮಾಡಿದ್ದು ಅಂತ ಕೇಳಲಿಲ್ಲ.

"ಕಾಪಿ ಕುಡೀತಿಯಾ ಮಗ?" ಅಂದಳು, ಅಷ್ಟೇ.

ಕೆಲವು ದಿನ ಬಿಟ್ಟು ಅವಳದೇ ಫೋನು: "ಇತ್ತಾಗ್ ಬಂದ್ರೆ ಅದ್ನ ತಕ್ಕಂಡೋಗು."

ಅವ್ವ ಮೊದಲ ಸಲ ಕೈ ಚಾಚಿದ್ದಳು, ಅಕ್ಕ ವಾಪಸ್ ಕಳಿಸುತ್ತಿದ್ದಾಳೆ. ಇನ್ನು ಅವ್ವ ಮತ್ತೆ ಚಾಚುವವಳಲ್ಲ, ಅದು ನನಗೆ ಗೊತ್ತು. ಬೇಸರದಿಂದಲೇ ಹೋಗಿ ತಂದೆ. ಬಸ್ಸಿನಲ್ಲಿ ಕವರ್ ತೆಗೆದು ನೋಡಿದರೆ, ಹೊಳೆಯ ಬಲಗಡೆ ಒಂದು ದೊಡ್ಡ ಬಂಡೆ ಬಂದು ಕೂತಿತ್ತು! ಹುಣಸೆಬೀಜವನ್ನು ಎರಡು ಹೋಳು ಮಾಡಿ, ಅನ್ನದ ಅಗುಳು ಅರೆದು ಅಂಟಿಸಿದ ಬಂಡೆ.

ಅವ್ವನಿಗೆ ತೋರಿಸಿದೆ. ಕೆರಳಿಬಿಟ್ಟಳು.

"ಬಂಡೆ ಅಲ್ಲಿತ್ತಾ? ಅಲ್ಲಿರ್ನಿಲ್ಲ ಕಣೆ! ಎಡಗಡೆ ಇದ್ದದ್ದು! ಅವ್ಳಿಗೆ ಯಾವಾಗ್ ಗ್ಯಾನ ಇತ್ತು?"

ಹಾಗಂತ ಬಂಡೆ ಕಿತ್ತಳೇ? ಇಲ್ಲ. ಅದರ ಪಕ್ಕಕ್ಕೆ ಒಣಗಿದ ಕರಿಬೇವಿನ ಎಲೆಗಳಿಂದ ಒಂದು ಹೊಂಗೆಮರ ನಿಲ್ಲಿಸಿ, "ತಕ್ಕಂಡೋಗಿ ಕೊಡು. ಮರ ಇದ್ದದ್ದಾದ್ರೂ ಗ್ಯಾಪ್ಕ ಅದಾ ನೋಡಾನ" ಅಂದಳು.

ಹಾಗೆ ಶುರುವಾಯಿತು. ದೊಡ್ಡವ್ವ ಭತ್ತದ ಹೊಟ್ಟಿನಿಂದ ಕಾಲುದಾರಿ ಮಾಡಿ ಕಳಿಸಿದಳು, ಜೊತೆಗೆ ಬೆಳ್ಳುಳ್ಳಿ ಸಿಪ್ಪೆಯ ಬೆಳ್ಳಕ್ಕಿಗಳು. ಅವ್ವ ಬಂಡೆಯ ಮೇಲೆ ಬಟ್ಟೆ ಒಣಗಹಾಕಿದಳು. ಒಂದೊಂದೂ ಕಿರುಬೆರಳಿನ ಉಗುರಿನಷ್ಟು. ಅಜ್ಜಿಯ ಸೀರೆ, ತಾತನ ಪಂಚೆ. ಮುಂದಿನ ಸಲ ಕಾರ್ಡ್ ವಾಪಸ್ ಬಂದಾಗ ಪಂಚೆಯ ಪಕ್ಕ ಒಂದು ಗೀಟುಗೀಟಿನ ಚೆಡ್ಡಿ! ತಾತನದ್ದೇ. ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿ ಯಾವ ಕಾಲವಾಗಿತ್ತೋ.

ಆದರೆ ಮಾತು? ಊಹೂಂ. ಅಕ್ಕ ಹೇಗಿದ್ದಾಳೆ ಅಂತ ಇವಳು ಕೇಳುವುದಿಲ್ಲ, ತಂಗಿ ಹೇಗಿದ್ದಾಳೆ ಅಂತ ಅವಳೂ ಕೇಳುವುದಿಲ್ಲ. ಫೋನ್ ಮಾಡಿಕೊಡ್ಲಾ ಅಂದರೆ ಇಬ್ಬರಿಗೂ ಒಂದೇ ಸಲಕ್ಕೆ ಕಿವಿ ಮಂದ. ಮಧ್ಯೆ ನಾನು ಪೋಸ್ಟ್‌ಮ್ಯಾನ್. (ಹೆಂಗಸರಿಗೆ ಬಸ್ ಫ್ರೀ ಇದ್ದದ್ದಕ್ಕೆ ಸರಿಹೋಯಿತು.) ಕಾರ್ಡು ದಿನೇದಿನೇ ರಾಗಿರೊಟ್ಟಿಯ ಹಾಗೆ ದಪ್ಪಗಾಯಿತು. ಕವರಿನಲ್ಲಿ ಹಿಡಿಸದೆ ನನ್ನ ಸ್ಟೀಲ್ ಟಿಫನ್ ಬಾಕ್ಸಿನಲ್ಲಿ ಓಡಾಡತೊಡಗಿತು.

ಚುಂಚನಕಟ್ಟೆಗೆ ನಾನು ಎಷ್ಟು ಸಲ ಹೋಗಿಲ್ಲ? ಮಳೆಗಾಲದಲ್ಲಿ ಫಾಲ್ಸ್ ಮುಂದೆ ನಿಂತು ಸೆಲ್ಫಿ ತೆಗೆದು, ಚುರುಮುರಿ ತಿಂದು ಬಂದಿದ್ದೇನೆ. ಅಲ್ಲಿ ಇಷ್ಟೊಂದು ಇತ್ತು ಅಂತ ಯಾರಿಗೆ ಗೊತ್ತಿತ್ತು? ಎರಡು ತಲೆಗಳಲ್ಲಿ ಅರ್ಧರ್ಧ ಉಳಿದುಹೋಗಿದ್ದ ಹೊಳೆ ಒಂದು ಕಾರ್ಡಿನ ಮೇಲೆ ಪೂರ್ತಿಯಾಗುತ್ತಿತ್ತು. ನಾನು ಮಾಡುವ ಕಾರ್ಡು ಚೆನ್ನಾಗಿರುತ್ತದೆ, ಅದರಲ್ಲಿ ಸಂಕೋಚವಿಲ್ಲ. ಆದರೆ ಇದನ್ನು ಕೈಯಲ್ಲಿ ಹಿಡಿದಾಗಲೆಲ್ಲ ದೇವರ ಮನೆಯಲ್ಲಿ ನಿಂತ ಹಾಗೆ ಆಗುತ್ತಿತ್ತು. ಉಸಿರು ಜೋರಾಗಿ ಬಿಡಲೂ ಭಯ.

ಆಮೇಲೆ ಒಂದು ಸಲ ದೊಡ್ಡವ್ವನ ಕೈಯಿಂದ ಕಾರ್ಡು ಹೀಗೆ ವಾಪಸ್ ಬಂತು.

ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಲ್ಲಿ ಕೂತು ಟಿಫನ್ ಬಾಕ್ಸ್ ತೆಗೆದೆ. ಹಸಿರು ಲಂಗದ ಹುಡುಗಿಯ ಹಿಂದೆ ಇನ್ನೊಬ್ಬಳು ಬಂದು ನಿಂತಿದ್ದಳು. ಕೆಂಪು ಲಂಗ, ಸ್ವಲ್ಪ ಎತ್ತರ. ಕಡ್ಡಿಪೊರಕೆಯ ಚೂರಿನಿಂದ ಮಾಡಿದ ಅವಳ ಎರಡೂ ಕೈಗಳು ಮುಂದಿದ್ದವಳ ಜಡೆಯ ತುದಿಯನ್ನು ಹಿಡಿದಿದ್ದವು. ಇಷ್ಟು ದಿನ ಜೋತಾಡುತ್ತಿದ್ದ ಜಡೆ ಈಗ ಹಗ್ಗದಂತೆ ಬಿಗಿಯಾಗಿತ್ತು. ಜಗಳದ ಚಿತ್ರವೇ ಅಂದುಕೊಂಡೆ. ಅಕ್ಕ ತಂಗಿಯ ಜುಟ್ಟು ಹಿಡಿದಿದ್ದಾಳೆ.

ಮತ್ತೆ ನೋಡಿದೆ. ಹಸಿರು ಲಂಗದ ಕೆಳಗಿನ ಅರ್ಧ ಕಾಣುತ್ತಿರಲಿಲ್ಲ. ಅದರ ಮೇಲೆ ಹೊಸದಾಗಿ ಬೆಳ್ಳಿ ಹಾಳೆ ಅಂಟಿತ್ತು, ದೊಡ್ಡವ್ವನ ಬಿಪಿ ಮಾತ್ರೆಯದ್ದು.

ಹುಡುಗಿ ದಡದಲ್ಲಿರಲಿಲ್ಲ, ನೀರಿನಲ್ಲಿದ್ದಳು.

ಮನೆಗೆ ಬಂದು ಅವ್ವನ ಮುಂದಿಟ್ಟೆ. ನೋಡುತ್ತಲೇ ಅವಳ ಕೈ ತಾನಾಗಿಯೇ ತಲೆಯ ಹಿಂದಕ್ಕೆ ಹೋಯಿತು. ಕೂದಲ ಬುಡವನ್ನು ಮುಟ್ಟಿಕೊಂಡಳು.

"ಒಳೆ ತುಂಬಿತ್ತು," ಅಂದಳು. "ಅಪ್ಪ ಓಗ್ಬ್ಯಾಡಿ ಅಂದಿದ್ದ. ಸೀರೆ ಜಾಲಿಸ್ತಿದ್ದೆ, ನೀರು ಸೀರೆ ಎಳ್ಕಂಡೋಯ್ತು, ಅದ್ರ ಇಂದೇನೇ ನಾನೂ ಓದೆ. ಅಕ್ಕ ಜಡೆ ಇಡ್ಕಂಡ್ಳು. ಬುಡ್ನಿಲ್ಲ ಕಣೆ. ದಡಕ್ಕೆ ಎಳ್ದಾಕಿ ಕೆನ್ನೆಗೆ ಬಾರ್ಸಿದ್ಲು. ಆಮ್ಯಾಕೆ ಇಬ್ರೂ ತಬ್ಕಂಡು ಅತ್ತೋ. ಅಪ್ಪಂಗೆ ಯೋಳ್ನಿಲ್ಲ. ಯಾರ್ಗೂ ಯೋಳ್ನಿಲ್ಲ."

ನನಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ನಾನು ಆ ದಾರದ ಜಡೆಯನ್ನೇ ನೋಡುತ್ತಾ ಕೂತೆ. ಆ ಜಡೆ ಅವತ್ತು ಕೈಜಾರಿದ್ದರೆ ಅವ್ವ ಇಲ್ಲ. ತಮ್ಮ ಇಲ್ಲ, ಅವನ ಮನೆ ಇಲ್ಲ, ಗೃಹಪ್ರವೇಶ ಇಲ್ಲ, ಯಾರನ್ನೂ ಕರೆಯುವ ಮಾತೇ ಇಲ್ಲ. ಈ ಅಂಕಣ ಬರೆಯುವವಳೂ ಇಲ್ಲ! ಒಬ್ಬಳು ಹುಡುಗಿಯ ಮುಷ್ಟಿಯೊಳಗೆ ನಾವಿಷ್ಟೂ ಜನ ಇದ್ದೆವಾ? ಈಗಲೂ ನೆನೆದರೆ ತಲೆ ಗಿರ್ ಅನ್ನುತ್ತದೆ.

ಅವ್ವ ಅವತ್ತು ಉತ್ತರ ಮಾಡಲು ಕೂತಳು. ಬಟ್ಟೆಯ ಚೂರು ಇಟ್ಟಳು, ತೆಗೆದಳು. ಮಣಿ ಇಟ್ಟಳು, ಅದನ್ನೂ ತೆಗೆದಳು. ಕಾರ್ಡಿನಲ್ಲಿ ಎಲ್ಲೂ ಜಾಗ ಉಳಿದಿರಲಿಲ್ಲ.

"ಹೊಸ ಕಾರ್ಡ್ ಕೊಡ್ಲಾ ಅವ್ವ?"

"ಕಾರ್ಡ್ ತಕ್ಕಂಡ್ ಏನ್ ಮಾಡ್ಲಿ? ಇದ್ಕೆ ಎದುರಾಗಿ ಅಂಟ್ಸೋಕೆ ನನ್ತಾವ ಏನದೆ?" ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನಾಳೆ ನಾನೂ ಬತ್ತೀನಿ."

ಕಾಲೇಜಿಗೆ ರಜೆ ಹಾಕಿದೆ. ದಾರಿಯುದ್ದಕ್ಕೂ ಅವ್ವ ಟಿಫನ್ ಬಾಕ್ಸನ್ನು ಮಡಿಲಲ್ಲಿ ಹಿಡಿದುಕೊಂಡಿದ್ದಳು. ತಿಂಡಿ ಬೇಡ ಅಂದಿದ್ದಳು, ಕಾಫಿಯೂ ಬೇಡ. ಕೆ.ಆರ್. ನಗರ ದಾಟಿದ ಮೇಲೆ ಬಾಯಿ ಬಿಟ್ಟಳು.

"ಅವ್ಳು ಮಾತಾಡ್ದೆ ಒಳಿಕ್ಕೋದ್ರೆ?"

ಕಾರ್ಡಿನಲ್ಲಾದರೆ ಕೋಪ ಬಂದರೂ ಇನ್ನೊಂದು ಮರ ಅಂಟಿಸಬಹುದು. ಎದುರುಬದುರು ನಿಂತಾಗ ಒಬ್ಬಳು ಮುಖ ತಿರುಗಿಸಿದರೆ ಅದು ಅಲ್ಲಿಗೆ ಮುಗಿಯಿತು. ಈ ವಯಸ್ಸಿನಲ್ಲಿ ಮತ್ತೆ ಯಾವಾಗ?

ದೊಡ್ಡವ್ವ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವ್ವ ಗೇಟಿನ ಹೊರಗೇ ನಿಂತುಬಿಟ್ಟಳು. ಒಳಗೆ ಒಂದು ಹೆಜ್ಜೆ ಇಡಲಿಲ್ಲ. ದೊಡ್ಡವ್ವ ತಲೆಯೆತ್ತಿ ನೋಡಿದಳು. ತಂಗಿಯ ನರೆತ ತಲೆ ನೋಡಿದಳು, ಬಿಸಿಲಿಗೆ ಬಾಡಿದ ಮುಖ ನೋಡಿದಳು. ಈಗ ಗೃಹಪ್ರವೇಶದ ಮಾತು ಬರುತ್ತದೆ, ಈಗ ಬೈಗುಳ ಶುರುವಾಗುತ್ತದೆ ಅಂತ ಕಾದೆ.

ದೊಡ್ಡವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಉಂಡ್ಯಾ?" ಅಂದಳು.

"ಇಲ್ಲ ಕಣಕ್ಕ" ಅಂದವಳೇ ಅವ್ವ ಅಂಗಳಕ್ಕೆ ಬಂದು ಗೊಳೋ ಅಂತ ಅತ್ತಳು.

ಎರಡಕ್ಷರ. ಇಷ್ಟು ವರ್ಷ ಇವರಿಬ್ಬರೂ ಉಪವಾಸ ಇದ್ದದ್ದು ಈ ಎರಡಕ್ಷರಕ್ಕಾ?