ಟೇಪು ಮುಗಿಯುವ ತನಕ

ಅಪ್ಪನೂ ನಾನೂ ಎರಡು ವರ್ಷ ಮಾತು ಬಿಟ್ಟಿದ್ದೆವು. ಆಳಂದದಲ್ಲಿ ಅವನದು ತೊಗರಿಯ ಅಡತಿ ಅಂಗಡಿ. ರೈತರ ಮಾಲು ತೂಗಿ ಮಾರಿಕೊಡುವ ವ್ಯಾಪಾರ, ಎಲ್ಲ ಬಾಯಿಮಾತಿನ ಮೇಲೆ. ಅದೇ ಬಾಯಿಂದ ಅಫಜಲಪುರದ ಒಂದು ಮನೆತನಕ್ಕೆ ಮಗಳನ್ನು ಕೊಡುತ್ತೇನೆಂದು ಹೇಳಿ ಬಂದಿದ್ದ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ನಾನು ಒಲ್ಲೆ ಅಂದೆ. ಜೇವರ್ಗಿಯ ಬ್ಯಾಂಕ್ ಶಾಖೆಯೊಂದರಲ್ಲಿ ನೌಕರಿ ಸಿಕ್ಕಿತ್ತು, ಟ್ರಂಕು ಎತ್ತಿಕೊಂಡು ಹೋಗಿಬಿಟ್ಟೆ. ಅಪ್ಪ ಊರ ಕಣ್ಣಲ್ಲಿ ಮಾತಿಗೆ ತಪ್ಪಿದವನಾದ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಸುಳ್ಳು. ಅವ್ವ ಬೆಣ್ಣೆಯಂಥವಳು, ಹಟದಲ್ಲಿ ನಾನು ಅಪ್ಪನ ಪಡಿಯಚ್ಚು.

ಅದು ತೊಂಬತ್ತರ ದಶಕ. ಶಾಖೆಗೆ ಆಗತಾನೇ ಯುನಿಕ್ಸ್ ಕಂಪ್ಯೂಟರ್ ಬಂದಿತ್ತು. ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಇಲ್ಲ, ಚಿತ್ರ ಇಲ್ಲ. ಏನು ಬೇಕಿದ್ದರೂ ಟೈಪು ಮಾಡಿಯೇ ಕೇಳಬೇಕು. ಅದಕ್ಕೆ ತಂಪು ಎಸಿ ಕೋಣೆ, ನಮಗೆ ಜೇವರ್ಗಿಯ ಬಿಸಿಲು! ನನಗೆ ಟೈಪು ಬರುತ್ತಿತ್ತೆಂದು ಅದರ ಮುಂದೆ ಕೂರಿಸಿದರು. ಕಲಿಸಲು ಬಂದ ಪುಣ್ಯಾತ್ಮ ನಾಲ್ಕು ಆದೇಶ ಬರೆಸಿ, ಚಹಾ ಕುಡಿದು ಹೋದ.

ತಿಂಗಳ ಕೊನೆಗೆ ಆ ತಿಂಗಳ ಫೋಲ್ಡರನ್ನೆಲ್ಲ ಟಾರ್ ಎಂಬ ಆದೇಶದಿಂದ ಒಂದೇ ಗಂಟು ಕಟ್ಟಿ ಟೇಪಿಗೆ ಇಳಿಸಬೇಕಿತ್ತು. ಫೈಲುಗಳ ಹೆಸರು ಒಂದೊಂದಾಗಿ ಪರದೆಯ ಮೇಲೆ ಸರಿಯುತ್ತಿದ್ದವು. ಅಷ್ಟೂ ಮುಗಿಯುವ ತನಕ ಯಂತ್ರ ಬೇರೆ ಮಾತು ಕೇಳುತ್ತಿರಲಿಲ್ಲ. ನಡುವೆ ಯಾರಾದರೂ ಡಿಲೀಟ್ ಕೀ ಒತ್ತಿದರೆ ಕೆಲಸ ಅಲ್ಲೇ ಸತ್ತುಹೋಗುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಒಮ್ಮೆ ಧೂಳು ಒರೆಸುವ ಅರಿವೆ ತಾಗಿ ಹಾಗೆ ಆಗಿತ್ತು. ಅಂದಿನಿಂದ ಮ್ಯಾನೇಜರರ ಅಪ್ಪಣೆಯಾಯಿತು: ಟೇಪು ಮುಗಿಯುವ ತನಕ ಕುರ್ಚಿ ಬಿಟ್ಟು ಏಳಕೂಡದು. ನಾನು ಕೀಲಿಮಣೆಗೆ ತಾಗದಂತೆ ಕೈಕಟ್ಟಿಕೊಂಡು ಕೂರುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ಪ್ಯೂನ್ ಬಂದು ನಿಮ್ಮ ಅಪ್ಪ ಬಂದಿದ್ದಾರೆ ಅಂದ. ಕೂತಲ್ಲೇ ತಿರುಗಿ ನೋಡಿದೆ. ಗಾಜಿನ ಬಾಗಿಲ ಆಚೆ ನಿಂತಿದ್ದ. ಇಸ್ತ್ರಿ ಮಾಡಿದ ಧೋತರ, ಹಣೆಯಲ್ಲಿ ವಿಭೂತಿ, ಮದುವೆಮುಂಜಿಗೆ ಮಾತ್ರ ಹಾಕುವ ಟೊಪ್ಪಿಗೆ. ಆಳಂದದಿಂದ ಗುಲಬರ್ಗಾಕ್ಕೆ ಬಂದು, ಬಸ್ಸು ಬದಲಿಸಿ, ಆ ಹಟಮಾರಿ ತಾನಾಗಿ ನನ್ನ ಬಾಗಿಲಿಗೆ ಬಂದಿದ್ದ. ಚಪ್ಪಲಿ ಕಳಚಿ ಒಳಗೆ ಇಣುಕಿದ.

"ಏನ್ ಮಾಡಾಕತ್ತಿ?" ಅಂದ. ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು.

"ಏನೂ ಇಲ್ಲಪ್ಪಾ. ಇದು ಮುಗಿಯೂತನಕ ಕುಂತಿರಬೇಕು."

"ಏನೂ ಇಲ್ಲಂದ್ರ ಎದ್ದು ಬಾ. ಒಂದು ಮಾತು ಹೇಳೂದದ."

"ಈಗ ಏಳಾಕ ಬರಂಗಿಲ್ಲಪ್ಪಾ. ಜರಾ ಹೊರಗ ಕುಂದ್ರು."

ಅವನು ಪರದೆ ನೋಡಿದ, ಕಟ್ಟಿದ ನನ್ನ ಕೈ ನೋಡಿದ. "ಹೊಲಾ ಕಾಯೋರೂ ನಡುವ ಎದ್ದು ನೀರ್ ಕುಡೀತಾರವ್ವಾ" ಎಂದು ಹೊರಗೆ ಹೋದ. ನಮ್ಮ ಜಗಳವನ್ನು ನಾಲ್ಕು ಜನರೆದುರು ಆಡುವುದು ಬೇಡವೆಂದು ನಾನೂ ಒಳಗೆ ಕರೆಯಲಿಲ್ಲ. ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದ. ಗಾಜಿನಿಂದ ಅವನ ಬೆನ್ನು ಕಾಣುತ್ತಿತ್ತು. ಹಾಳಾದ ಆ ಹೆಸರುಗಳು ಮುಗಿಯಲೇ ಇಲ್ಲ. ಗುಲಬರ್ಗಾದಿಂದ ಆಳಂದದ ಬಸ್ಸು ತಪ್ಪೀತೆಂದು ಎದ್ದಿರಬೇಕು, ಅವ್ವ ಕೊಟ್ಟ ರೊಟ್ಟಿಗಂಟನ್ನು ಪ್ಯೂನನ ಕೈಗೆ ಕೊಟ್ಟು ನಡೆದ. ಟೇಪು ಮುಗಿದು ನಾನು ಬಸ್‌ಸ್ಟ್ಯಾಂಡಿಗೆ ಓಡಿದಾಗ ಅವನಿರಲಿಲ್ಲ.

ಮನೆಯಲ್ಲಿ ಹೇಳಿದನಂತೆ: "ಮಗಳು ಕೈಕಟ್ಕೊಂಡು ಕುಂತಿದ್ಲು, ಏಳಾಕ ಬರಂಗಿಲ್ಲ ಅಂದ್ಲು." ಅವ್ವನ ಬಾಯಲ್ಲಿ ಇದನ್ನು ಕೇಳಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮರುದಿನವೇ ಹೋಗಿ ಬಿಡಿಸಿ ಹೇಳಬಹುದಿತ್ತು. ಅಷ್ಟು ದೂರ ಬಂದವನು ಇನ್ನೊಂದಿಷ್ಟು ಕಾಯಬಾರದಿತ್ತೇ ಎಂದು ಬಿಗಿದುಕೊಂಡೆ. ಅಪ್ಪ ಮತ್ತೆ ಜೇವರ್ಗಿಗೆ ಕಾಲಿಡಲಿಲ್ಲ. ಹಬ್ಬಕ್ಕೆ ಊರಿಗೆ ಹೋದರೆ ಬಸ್ಸಿನ ಹೊತ್ತು ಕೇಳುತ್ತಿದ್ದ, ಊಟವಾಯಿತೇ ಎನ್ನುತ್ತಿದ್ದ, ಅಂಗಡಿಗೆ ಹೋಗುತ್ತಿದ್ದ.

ಮರುವರ್ಷ ಗುಲಬರ್ಗಾದಲ್ಲಿ ನಮಗೆ ತರಬೇತಿಯಿತ್ತು. ಮೇಷ್ಟ್ರು ಅದೇ ಟಾರ್ ಆದೇಶ ಬರೆದು, ಸಾಲಿನ ಮುಂದೆ ನೋಹಪ್ ಎಂಬ ಪದ, ಕೊನೆಗೆ ಆಂಪರ್‌ಸ್ಯಾಂಡ್ ಎಂಬ '&' ಗುರುತು ಸೇರಿಸಿದರು. ಎಂಟರ್ ಒತ್ತಿದ ಕೂಡಲೇ ಯಂತ್ರ ಮುಂದಿನ ಆದೇಶಕ್ಕೆ ಸಿದ್ಧವಾಗಿ ನಿಂತಿತು. ಅವರು ಲಾಗೌಟ್ ಮಾಡಿದರು, ನಮ್ಮನ್ನು ಚಹಾಕ್ಕೆ ಕಳಿಸಿದರು. ಬಂದು ಪಿಎಸ್ ಎಂದು ನಡೆಯುತ್ತಿರುವ ಕೆಲಸಗಳ ಪಟ್ಟಿ ತೆಗೆದರೆ, ಟಾರ್ ಯಾರ ಕಾವಲೂ ಇಲ್ಲದೆ ಟೇಪು ತುಂಬುತ್ತಲೇ ಇತ್ತು. ಇನ್ನು ಯಾವ ಕೀ ಒತ್ತಿದರೂ ಅದಕ್ಕೆ ತಾಗುವುದಿಲ್ಲ ಅಂದರು. ಉಳಿದವರು ಬರೆದುಕೊಂಡರು. ನಾನು ನಳದ ಹತ್ತಿರ ಹೋಗಿ ಮುಖ ತೊಳೆಯುವ ನೆಪದಲ್ಲಿ ಅತ್ತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಪ್ಪನಿಗೆ ಇದನ್ನು ಹೇಳಲು ನನಗೆ ಮತ್ತೂ ಕೆಲವು ವರ್ಷ ಹಿಡಿಯಿತು. ಅಷ್ಟರಲ್ಲಿ ಅವನು ಅಂಗಡಿ ಬಿಟ್ಟಿದ್ದ, ನಡುಮಾತಿನಲ್ಲಿ ಹೆಸರುಗಳು ತಪ್ಪುತ್ತಿದ್ದವು. ಆಳಂದದ ಮನೆಯ ಕಟ್ಟೆಯ ಮೇಲೆ ಇಬ್ಬರೂ ಶೇಂಗಾ ಸುಲಿಯುತ್ತ ಕೂತಿದ್ದೆವು. ಅಂದು ನಾನು ಸಿಟ್ಟಿಗೆ ಕೂತಿರಲಿಲ್ಲ, ಯಂತ್ರ ಕಾಯುತ್ತಿದ್ದೆ ಎಂದು ಎಲ್ಲ ಬಿಡಿಸಿ ಹೇಳಿದೆ. ಆ ಒಂದು ಗುರುತಿನ ಸಂಗತಿಯನ್ನೂ ಹೇಳಿದೆ. ಅವನು ಲಕ್ಷ್ಯಗೊಟ್ಟು ಕೇಳಿದ.

"ಹಂಗಾರ ಅವತ್ತ ಏಳಾಕ ಬರ್ತಿತ್ತು" ಅಂದ.

ಹೌದು, ನನಗೆ ಗೊತ್ತಿರಲಿಲ್ಲ ಅಂದೆ. ಮತ್ತೆ ಧೈರ್ಯ ಮಾಡಿ, ಅವತ್ತು ನೀನು ಏನು ಹೇಳಬೇಕೆಂದು ಅಷ್ಟು ದೂರ ಬಂದಿದ್ದಿ ಎಂದು ಕೇಳಿದೆ.

ಅಪ್ಪ ಸುಳ್ಳು ಹೇಳುವವನಲ್ಲ. ಕೈಯಲ್ಲಿದ್ದ ಕಾಯಿ ಬುಟ್ಟಿಗೆ ಹಾಕಿ, ಹುಬ್ಬು ಗಂಟಿಕ್ಕಿ, ನೆನಪಿಸಿಕೊಳ್ಳಲು ತುಂಬ ಹೊತ್ತು ಹೆಣಗಿದ.

"ಏನೋ ಇತ್ತವ್ವಾ" ಅಂದ. "ದಾರಿ ತುಂಬಾ ಅದನ್ನ ಜೋಡಿಸ್ಕೋಂತ ಬಂದಿದ್ದೆ. ಈಗ ಮರ್ತೇನಿ."